ಮನಸ್ಸಿನಿಂದ ಮನಸ್ಸಿಗೆ ಮಾತಾಡುವ ಅನ್ಯಗ್ರಹದವರು: ನಿಮ್ಮ ಕಥೆಗೆ ಯಾವ ಬಗೆ ಸರಿ?

ಹೋದ ಮಳೆಗಾಲದಲ್ಲಿ ಅಕ್ಕನ ಮಗಳು ನಮ್ಮ ಮನೆಗೆ ಬಂದು ಹತ್ತು ದಿನ ಇದ್ದಳು. ನಮ್ಮದು ಸಾಗರದ ಕಡೆಯ ಒಂದು ಹಳ್ಳಿ. ಅವಳು ಶಿವಮೊಗ್ಗದಲ್ಲಿ ಕಾಲೇಜು ಓದುತ್ತಾಳೆ. ಒಂದು ವಿಜ್ಞಾನ ಕಥೆ ಬರೆಯಲು ಶುರು ಮಾಡಿದ್ದಳು. ಕಥೆಯಲ್ಲಿ ಬೇರೆ ಗ್ರಹದ ಜೀವಿಗಳು. ಅವಕ್ಕೆ ಬಾಯಿಲ್ಲ. ಟೆಲಿಪತಿ ಇದೆ, ಅಂದರೆ ಮನಸ್ಸಿನಿಂದ ಮನಸ್ಸಿಗೇ ಸುದ್ದಿ ಮುಟ್ಟಿಸುತ್ತವೆ. ಮೂರು ಪುಟ ಸಲೀಸಾಗಿ ಹೋಯಿತು. ನಾಲ್ಕನೇ ಪುಟಕ್ಕೆ ಪೆನ್ನು ನಿಂತಿತು.

"ಚಿಕ್ಕಮ್ಮ, ಇವಕ್ಕೆ ಭಾಷೆ ಅಂತ ಒಂದು ಇರುತ್ತಾ? ಇಲ್ಲ ಅಂದ್ರೆ ಯೋಚನೆ ಹ್ಯಾಗೆ ಮಾಡ್ತವೆ? ಯೋಚನೆನೇ ಮಾಡ್ದಿದ್ರೆ ಬುದ್ಧಿವಂತರು ಅಂತ ಹ್ಯಾಗೆ ಬರೀಲಿ?"

ಹೊರಗೆ ಜಡಿಮಳೆ. ಕರೆಂಟ್ ಹೋಗಿ ಎರಡು ದಿನವಾಗಿತ್ತು. ಮಾತಾಡಲು ಬೇಕಾದಷ್ಟು ಹೊತ್ತಿತ್ತು. ಒಲೆಯ ಮುಂದೆ ಕೂತು ದಿನಾ ಸಂಜೆ ಇದನ್ನೇ ಮಾತಾಡಿದೆವು. ಆ ಮಾತುಕತೆಯಲ್ಲಿ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕಥೆ, ನಾಟಕ ಬರೆಯುವ ಆಸೆ ಇರುವವರಿಗೆ ಯಾವ ಬಗೆಯ ಟೆಲಿಪತಿ ಆರಿಸಬೇಕು ಅಂತ ತೀರ್ಮಾನ ಮಾಡಲು ಸಹಾಯವಾದೀತು.

ಎರಡು ಸಂಗತಿ ಮೊದಲೇ ಹೇಳಿಬಿಡುತ್ತೇನೆ. ಮನುಷ್ಯರಲ್ಲಿ ಟೆಲಿಪತಿ ಇದೆ ಅಂತ ತೋರಿಸುವ ಗಟ್ಟಿ ಪುರಾವೆ ಇಲ್ಲ. ಬೇರೆ ಗ್ರಹದಲ್ಲಿ ಜೀವಿಗಳಿವೆ ಅಂತಲೂ ಇದುವರೆಗೆ ಗೊತ್ತಾಗಿಲ್ಲ. ಹಾಗಾಗಿ ನಮ್ಮ ಕೈಲಿರುವುದು ಈ ಭೂಮಿಯ ಮನಸ್ಸುಗಳು ಮಾತ್ರ: ಮನುಷ್ಯ, ಆನೆ, ಜೇನು, ಆಕ್ಟೋಪಸ್. ಇವುಗಳ ಬಗ್ಗೆ ಗೊತ್ತಿರುವುದನ್ನು ಹಿಡಿದುಕೊಂಡೇ ಊಹೆ ಮಾಡಬೇಕು. ಹಾಗೆ ಮಾಡಿದ ಊಹೆಗೆ ತೂಕ ಬರುತ್ತದೆ.

ಭಾಷೆ ಇಲ್ಲದೆ ಯೋಚನೆ ಆಗುತ್ತದಾ?

ಈ ಗಂಟನ್ನು ಮೊದಲು ಬಿಡಿಸಬೇಕು. ಇದು ಬಿಡದೆ ಯಾವ ಬಗೆ ಆರಿಸಿದರೂ ಕಥೆ ನಡುವೆ ಸಿಕ್ಕು ಬೀಳುತ್ತದೆ.

ಸುಮಾರು 5ನೇ ಶತಮಾನದಲ್ಲಿದ್ದ ಭರ್ತೃಹರಿ ಎಂಬ ವ್ಯಾಕರಣ ಪಂಡಿತ, ಶಬ್ದ ಬೆರೆಯದ ಅರಿವೇ ಲೋಕದಲ್ಲಿಲ್ಲ ಎಂದು ವಾದಿಸಿದ. ನಾವು ಏನನ್ನೇ ತಿಳಿದರೂ ಅದರೊಳಗೆ ಮಾತು ಹೆಣೆದುಕೊಂಡೇ ಇರುತ್ತದೆ ಅನ್ನುವುದು ಅವನ ನಿಲುವು. ಬಾಯಿಂದ ಹೊರಬೀಳುವ ಮಾತಿಗೆ ವೈಖರೀ, ಮನಸ್ಸಿನಲ್ಲೇ ಸಾಲಾಗಿ ನಿಂತ ಮಾತಿಗೆ ಮಧ್ಯಮಾ, ಅದಕ್ಕೂ ಒಳಗೆ ಇನ್ನೂ ಬಿಡಿಬಿಡಿಯಾಗದ ಮಾತಿಗೆ ಪಶ್ಯಂತೀ ಎಂದು ಹೆಸರು. ಟೆಲಿಪತಿ ಕಥೆ ಬರೆಯುವವರಿಗೆ ಈ ಮೂರು ಮೆಟ್ಟಿಲು ತುಂಬ ಉಪಯೋಗಕ್ಕೆ ಬರುತ್ತವೆ. ನಿಮ್ಮ ಅನ್ಯಗ್ರಹದವರು ಯಾವ ಮೆಟ್ಟಿಲಿನಿಂದ ಸುದ್ದಿ ಕಳಿಸುತ್ತಾರೆ ಅಂತ ಕೇಳಿಕೊಳ್ಳಬಹುದು.

ಈಗಿನ ಮಿದುಳಿನ ವಿಜ್ಞಾನ ಮಾತ್ರ ಬೇರೆ ಕಡೆಗೆ ಬೆರಳು ತೋರಿಸುತ್ತದೆ. ಪಾರ್ಶ್ವವಾಯು ಬಡಿದು ಮಿದುಳಿನ ಮಾತಿನ ಭಾಗ ಹಾಳಾದವರನ್ನು ನೋಡಿರುತ್ತೀರಿ. 2005ರಲ್ಲಿ ರೋಸ್‌ಮೇರಿ ವಾರ್ಲಿ ಮತ್ತು ಅವರ ಜೊತೆಗಾರರು ಇಂಥ ಮೂವರನ್ನು ಪರೀಕ್ಷಿಸಿ ಬರೆದರು. ಮನುಷ್ಯ ಸಿಂಹವನ್ನು ಕೊಂದನೋ, ಸಿಂಹ ಮನುಷ್ಯನನ್ನು ಕೊಂದಿತೋ ಅಂತ ವಾಕ್ಯ ಓದಿ ಹೇಳಲು ಅವರಿಗೆ ಆಗುತ್ತಿರಲಿಲ್ಲ. ಆದರೆ ಯಾವ ಸಂಖ್ಯೆಯಿಂದ ಯಾವುದನ್ನು ಕಳೆಯಬೇಕು ಅನ್ನುವುದು ತಪ್ಪುತ್ತಿರಲಿಲ್ಲ. ಆವರಣ ಚಿಹ್ನೆ ಇರುವ ಲೆಕ್ಕವನ್ನೂ ಬಿಡಿಸುತ್ತಿದ್ದರು. ವ್ಯಾಕರಣ ಹೋಗಿತ್ತು, ಲೆಕ್ಕ ಉಳಿದಿತ್ತು. ಎವೆಲಿನಾ ಫೆಡೊರೆಂಕೊ ಅವರ ತಂಡ ಇಂಥ ಪುರಾವೆಗಳನ್ನೆಲ್ಲ ಒಟ್ಟು ಮಾಡಿ, ಭಾಷೆ ಮುಖ್ಯವಾಗಿ ಒಬ್ಬರಿಂದೊಬ್ಬರಿಗೆ ಸುದ್ದಿ ದಾಟಿಸುವ ಸಾಧನ, ಯೋಚನೆಯ ಸಾಧನ ಅಲ್ಲ ಎಂದು 2024ರಲ್ಲಿ ವಾದಿಸಿತು.

ಹಾಗಂತ ಭಾಷೆ ಯೋಚನೆಗೆ ಏನೂ ಕೊಡುವುದಿಲ್ಲ ಅಂತಲ್ಲ. ಅಮೆಜಾನ್ ಕಾಡಿನ ಪಿರಹಾ ಜನರ ಭಾಷೆಯಲ್ಲಿ ಇಂತಿಷ್ಟೇ ಎಂದು ಎಣಿಸುವ ಪದಗಳಿಲ್ಲ. ಕಣ್ಣೆದುರು ಇಟ್ಟ ವಸ್ತುಗಳಿಗೆ ಒಂದಕ್ಕೊಂದು ಸರಿಯಾಗಿ ಜೋಡಿಸಿ ಇಡುತ್ತಾರೆ. ವಸ್ತು ಮುಚ್ಚಿಟ್ಟು ನೆನಪಿನಿಂದ ಮಾಡಿ ಅಂದರೆ ಸಂಖ್ಯೆ ದೊಡ್ಡದಾದ ಹಾಗೆ ತಪ್ಪು ಬೀಳುತ್ತದೆ. ಅವರು ದಡ್ಡರಲ್ಲ. ಸಂಖ್ಯೆಯ ಹೆಸರು ಎಂಬ ಬುಟ್ಟಿ ಇಲ್ಲದೆ ಲೆಕ್ಕವನ್ನು ಹೊತ್ತು ನಡೆಯುವುದು ಕಷ್ಟ, ಅಷ್ಟೇ.

ನನ್ನ ಮಟ್ಟಿಗೆ ಇಲ್ಲಿಗೆ ಒಂದು ವಿಷಯ ಸ್ಪಷ್ಟವಾಯಿತು. ಬುದ್ಧಿ ಇರಲು ಭಾಷೆ ಬೇಕೇ ಬೇಕು ಅಂತಿಲ್ಲ. ಬುದ್ಧಿಯನ್ನು ಕೂಡಿಡಲು, ಹೊತ್ತೊಯ್ಯಲು, ಇನ್ನೊಬ್ಬರ ಕೈಗೆ ಕೊಡಲು ಬೇಕು. ಹಾಗಾದರೆ ಟೆಲಿಪತಿ ಇದ್ದವರಿಗೆ ಕೊಡುವ ಕಷ್ಟವೇ ಇಲ್ಲವಲ್ಲ, ಭಾಷೆ ಯಾಕೆ ಬೇಕು? ಉತ್ತರ ನೀವು ಆರಿಸುವ ಬಗೆಯನ್ನು ಅವಲಂಬಿಸಿದೆ.

ನಾಲ್ಕು ವಾಕ್ಯಗಳ ಪರೀಕ್ಷೆ

ಬಗೆಗಳನ್ನು ಅಳೆಯಲು ನಾವು ನಾಲ್ಕು ವಾಕ್ಯ ಇಟ್ಟುಕೊಂಡೆವು. ದಿನಾ ನಮ್ಮ ಮನೆಯಲ್ಲಿ ಆಡುವಂಥವೇ.

ಕೊಟ್ಟಿಗೆಯಲ್ಲಿ ಹಾವಿಲ್ಲ.
ಅದು ಹಾವಲ್ಲ, ಹಗ್ಗ.
ನಾಳೆ ಮಳೆ ಬಿಟ್ಟರೆ ತೋಟಕ್ಕೆ ಔಷಧಿ ಹೊಡೆಯೋಣ.
ಅವನಿಗೆ ಹೊಟ್ಟೆನೋವಂತೆ.

ಮೊದಲ ಎರಡರಲ್ಲಿ ಕನ್ನಡದ ಒಂದು ದೊಡ್ಡ ಉಪಕಾರ ಇದೆ. ನಮಗೆ 'ಇಲ್ಲ' ಬೇರೆ, 'ಅಲ್ಲ' ಬೇರೆ. ಒಂದು ಇರುವಿಕೆಯನ್ನು ತೆಗೆಯುತ್ತದೆ, ಇನ್ನೊಂದು ಗುರುತನ್ನು ತೆಗೆಯುತ್ತದೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ 'ನಾಟ್' ಸಾಕಾಗುತ್ತದೆ. ಮೂರನೆಯದರಲ್ಲಿ 'ಬಿಟ್ಟರೆ' ಎಂಬ ಷರತ್ತು ಇದೆ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವವರಿಗೆ ಆ ಒಂದು ಪದದ ಬೆಲೆ ಗೊತ್ತು. ನಾಲ್ಕನೆಯದರಲ್ಲಿ ಇರುವುದು 'ಅಂತೆ'. ಇದರ ಬಗ್ಗೆ ಮುಂದೆ ಜಾಸ್ತಿ ಹೇಳುತ್ತೇನೆ. ಟೆಲಿಪತಿಯ ಇಡೀ ಕಷ್ಟ ಆ ಎರಡು ಅಕ್ಷರದಲ್ಲಿ ಕೂತಿದೆ.

ಮಾತನ್ನೇ ಕಳಿಸುವವರು

ಇದು ಎಲ್ಲಕ್ಕಿಂತ ಸುಲಭದ ಬಗೆ. ಮನಸ್ಸಿನಲ್ಲಿ ಅಂದುಕೊಂಡ ವಾಕ್ಯ ಇನ್ನೊಬ್ಬರ ಮನಸ್ಸಿನಲ್ಲಿ ಕೇಳಿಸುತ್ತದೆ. ನಾಲ್ಕು ವಾಕ್ಯವೂ ಪಾಸ್. ಯಾಕೆಂದರೆ ಭಾಷೆ ಮೊದಲೇ ಇದೆ, ಬಾಯಿ, ಕಿವಿ ಮಾತ್ರ ತಪ್ಪಿದೆ.

ಇದಕ್ಕೆ ಹತ್ತಿರದ ಒಂದು ಪ್ರಯೋಗ ನಿಜವಾಗಿಯೇ ನಡೆದಿದೆ. 2014ರಲ್ಲಿ ಪ್ರಕಟವಾಯಿತು. ತಿರುವನಂತಪುರದಲ್ಲಿ ಕೂತವರ ಮಿದುಳಿನ ಅಲೆಗಳನ್ನು ಯಂತ್ರ ಓದಿತು. ಕೈ ಆಡಿಸಿದ ಹಾಗೆ ಕಲ್ಪಿಸಿಕೊಂಡರೆ ಒಂದು ಸಂಕೇತ, ಕಾಲು ಆಡಿಸಿದ ಹಾಗೆ ಕಲ್ಪಿಸಿಕೊಂಡರೆ ಇನ್ನೊಂದು. ಆ ಸಂಕೇತ ಇಂಟರ್‌ನೆಟ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋಯಿತು. ಅಲ್ಲಿ ಕೂತವರ ಮಿದುಳಿಗೆ ಕಾಂತದ ಮಿಡಿತ ಕೊಟ್ಟು, ಕಣ್ಣಂಚಿನಲ್ಲಿ ಬೆಳಕು ಮಿಂಚಿದ ಹಾಗೆ ಮಾಡಿದರು. ಮಿಂಚಿದರೆ ಒಂದು, ಮಿಂಚದಿದ್ದರೆ ಸೊನ್ನೆ. ಹೀಗೆ 'ಹೋಲಾ', 'ಚಾವೋ' ಎಂಬ ಎರಡು ನಮಸ್ಕಾರದ ಪದ ದಾಟಿದವು. ಇಂಥ ಒಂದೊಂದು ಸೊನ್ನೆ ಅಥವಾ ಒಂದಕ್ಕೆ ಬಿಟ್ ಎಂದು ಹೆಸರು. ವೇಗ ನಿಮಿಷಕ್ಕೆ ಸುಮಾರು 2 ಬಿಟ್. ನಾವು ಬಾಯಲ್ಲಿ ಆಡುವ ಮಾತಿನ ವೇಗ ಸೆಕೆಂಡಿಗೆ ಸುಮಾರು 39 ಬಿಟ್ ಎಂದು 17 ಭಾಷೆಗಳನ್ನು ಅಳೆದ 2019ರ ಅಧ್ಯಯನ ಹೇಳಿತು. ಬೇಗ ಬೇಗ ಆಡುವ ಭಾಷೆಯಲ್ಲಿ ಒಂದೊಂದು ಅಕ್ಷರ ಹೊರುವ ಸುದ್ದಿ ಕಮ್ಮಿ. ನಿಧಾನದ ಭಾಷೆಯಲ್ಲಿ ಜಾಸ್ತಿ. ಕೊನೆಗೆ ಲೆಕ್ಕ ಒಂದೇ ಕಡೆ ಬಂದು ನಿಲ್ಲುತ್ತದೆ.

ಮಿದುಳಿನಿಂದ ಮಿದುಳಿಗೆ ಹೋದರೂ ಆ ಪ್ರಯೋಗದಲ್ಲಿ ಸಂಕೇತ ಬೇಕಾಯಿತು. ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡ ಲಿಪಿ ಬೇಕಾಯಿತು. ಇದನ್ನು ನೆನಪಿಟ್ಟುಕೊಳ್ಳಿ.

ಈ ಬಗೆ ಆರಿಸುವವರು ಒಂದು ತಪ್ಪು ಮಾಡುತ್ತಾರೆ. ಅನ್ಯಗ್ರಹದವನು ಹೊಸನಗರದ ರೈತನ ಮನಸ್ಸಿನೊಳಗೆ ಮಾತಾಡಿದ ತಕ್ಷಣ ರೈತನಿಗೆ ಎಲ್ಲ ಅರ್ಥವಾಗಿಬಿಡುತ್ತದೆ. ಮಾತನ್ನೇ ಕಳಿಸುವುದಾದರೆ ಅವನು ಅವನ ಭಾಷೆಯಲ್ಲಿ ತಾನೇ ಕಳಿಸುವುದು? ರೈತನಿಗೆ ತಲೆಯೊಳಗೆ ಅರ್ಥವಾಗದ ಸದ್ದು ಕೇಳಿಸಬೇಕು. ನಿಮ್ಮ ಕಥೆಯ ಜೀವಾಳ ಬೇರೆ ಕಡೆ ಇದ್ದರೆ, ಉದಾಹರಣೆಗೆ ಯುದ್ಧ, ವ್ಯಾಪಾರ, ಗೂಢಚಾರಿಕೆ, ಈ ಬಗೆ ಸಾಕು. ಭಾಷೆ ಮತ್ತು ಯೋಚನೆಯ ಬಗ್ಗೆಯೇ ಬರೆಯುವ ಆಸೆ ಇದ್ದರೆ ಇಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ಚಿತ್ರ ಕಳಿಸುವವರು

ಇವರು ಕಂಡದ್ದನ್ನು, ಕೇಳಿದ್ದನ್ನು, ಮುಟ್ಟಿದ್ದನ್ನು ಹಾಗೇ ಕಳಿಸುತ್ತಾರೆ. ಹಲಸಿನ ಹಣ್ಣು ಎಂಬ ಪದ ಬರುವುದಿಲ್ಲ. ತೊಳೆಯ ಘಮ, ಬೆರಳಿಗೆ ಮೆತ್ತಿದ ಮೇಣ ಬರುತ್ತದೆ.

ಇವರ ಶಕ್ತಿ ಎಲ್ಲಿ ಅಂದರೆ ಕೈಕಸುಬಿನಲ್ಲಿ. ನಮ್ಮಲ್ಲಿ ಅಡಿಕೆ ಕೊನೆ ಕೊಯ್ಯುವವರನ್ನು ನೋಡಿ. ಒಂದು ಮರ ಹತ್ತಿ, ಅದನ್ನೇ ಬಾಗಿಸಿಕೊಂಡು ಪಕ್ಕದ ಮರಕ್ಕೆ ದಾಟುತ್ತಾರೆ. ಎಷ್ಟು ಬಾಗಿಸಬೇಕು, ಯಾವ ಕ್ಷಣಕ್ಕೆ ಕೈ ಬಿಡಬೇಕು ಅಂತ ಮಾತಲ್ಲಿ ಹೇಳಿ ನೋಡೋಣ. ಆಗುವುದಿಲ್ಲ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಅಜ್ಜಿಯರೂ ಹಾಗೇ. ಕಲಿಸು ಅಂದರೆ "ನೋಡ್ತಾ ಇರು, ಬರುತ್ತೆ" ಅನ್ನುತ್ತಾರೆ. ಚಿತ್ರ ಕಳಿಸುವವರಲ್ಲಿ ಇಂಥ ವಿದ್ಯೆ ಒಂದು ಮಧ್ಯಾಹ್ನದಲ್ಲಿ ಇಡೀ ಊರಿಗೆ ದಾಟೀತು. ನಾವು ಹತ್ತು ವರ್ಷ ಕಲಿಯುವುದನ್ನು ಅವರು ಊಟದ ಹೊತ್ತಿಗೆ ಕಲಿತಿರುತ್ತಾರೆ. ಇದೂ ಬುದ್ಧಿಯೇ. ಪುಸ್ತಕದ ಬುದ್ಧಿಯನ್ನು ಮಾತ್ರ ಬುದ್ಧಿ ಅನ್ನುವ ಅಭ್ಯಾಸ ನಮಗೆ ಯಾಕೆ ಬಂತೋ.

ಈಗ ಪರೀಕ್ಷೆಗೆ ಬರೋಣ. 'ಕೊಟ್ಟಿಗೆಯಲ್ಲಿ ಹಾವಿಲ್ಲ.' ಖಾಲಿ ಕೊಟ್ಟಿಗೆಯ ಚಿತ್ರ ಕಳಿಸಬಹುದು. ಆದರೆ ಆ ಚಿತ್ರದಲ್ಲಿ ಚಿರತೆಯೂ ಇಲ್ಲ, ಕಳ್ಳನೂ ಇಲ್ಲ, ಬಕೆಟ್ಟೂ ಇಲ್ಲ. ಯಾವುದು ಇಲ್ಲ ಅಂತ ಹೇಳಿದ ಹಾಗಾಯಿತು? ಹಾವಿನ ಚಿತ್ರ ತೋರಿಸಿ ಅಳಿಸಬಹುದು. ನೋಡಿದವನು ಹಾವು ಈಗ ತಾನೇ ಹರಿದು ಹೋಯಿತು ಅಂದುಕೊಂಡು ಕೋಲು ಹುಡುಕುತ್ತಾನೆ. ಅಳಿಸುವುದು ಅಂದರೆ 'ಇಲ್ಲ' ಅಂತ ಇಬ್ಬರೂ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಆ ಗಳಿಗೆಗೆ ಅದು ಚಿತ್ರವಾಗಿ ಉಳಿಯಲಿಲ್ಲ, ಪದ ಆಯಿತು.

'ಹಾವಲ್ಲ, ಹಗ್ಗ' ಇನ್ನೂ ಕಷ್ಟ. ಹಾವು ಹಗ್ಗವಾಗಿ ಬದಲಾದ ಚಿತ್ರ ಕಳಿಸಿದರೆ ಮಾಟ ಮಂತ್ರ ಅಂದುಕೊಂಡಾರು. ಇಲ್ಲಿ ಹೇಳಬೇಕಾದ್ದು ಕೊಟ್ಟಿಗೆಯಲ್ಲಿ ಆದ ಬದಲಾವಣೆಯಲ್ಲ, ನನ್ನ ತಿಳಿವಳಿಕೆಯಲ್ಲಿ ಆದ ಬದಲಾವಣೆ. ವೇದಾಂತದವರು ಇದೇ ಹಾವು, ಹಗ್ಗವನ್ನು ಶತಮಾನಗಳಿಂದ ಉದಾಹರಣೆ ಮಾಡಿಕೊಂಡಿದ್ದು ಸುಮ್ನೆ ಅಲ್ಲ. ಮೂರನೇ ವಾಕ್ಯದ 'ಬಿಟ್ಟರೆ' ಎಂಬುದಕ್ಕೆ ಯಾವ ಬಣ್ಣ? ಬಿಸಿಲಿನ ಚಿತ್ರ ಕಳಿಸಿದರೆ ನಾಳೆ ಬಿಸಿಲು ಅಂತ ನಂಬಿ ದ್ರಾವಣ ಕಲಸಿಬಿಡುತ್ತಾರೆ.

ನಾಲ್ಕನೆಯದಕ್ಕೆ ಬಂದಾಗ ನಾನೂ ಹುಡುಗಿಯೂ ತುಂಬ ಹೊತ್ತು ಸುಮ್ಮನೆ ಕೂತೆವು. ಪಕ್ಕದವನ ಹೊಟ್ಟೆನೋವು ನನ್ನ ಮನಸ್ಸಿಗೆ ಬರುತ್ತದೆ. ನೋವಾಗಿಯೇ ಬರುತ್ತದೆ. ಅದು ನನ್ನದಾ, ಅವನದಾ? ಹಸಿವು ಬಂತು, ನಾನು ಉಂಡೆನಾ ಇಲ್ಲವಾ? ಜೋಗದ ನೀರು ಧುಮುಕುವುದನ್ನು ನೋಡಿದ ನೆನಪಿದೆ. ನೋಡಿದ್ದು ನಾನಾ, ಅತ್ತೆಯಾ, ಸತ್ತುಹೋದ ಅಜ್ಜನಾ? ಕನ್ನಡದಲ್ಲಿ ಇನ್ನೊಬ್ಬರ ನೋವಿನ ಬಗ್ಗೆ ಹೇಳುವಾಗ ಕೊನೆಗೆ ಒಂದು 'ಅಂತೆ' ಸೇರಿಸುತ್ತೇವೆ. ನನಗೆ ಹೊಟ್ಟೆನೋವು. ಅವನಿಗೆ ಹೊಟ್ಟೆನೋವಂತೆ. ಇದು ನಾನು ಕಂಡುಂಡಿದ್ದಲ್ಲ, ಇನ್ನೊಬ್ಬರಿಂದ ಬಂದದ್ದು ಅಂತ ಆ ಎರಡಕ್ಷರ ಗಡಿಕಲ್ಲು ನೆಡುತ್ತವೆ. ಟೆಲಿಪತಿಯವರಿಗೆ ಈ ಗಡಿಕಲ್ಲು ನಮಗಿಂತ ಸಾವಿರ ಪಾಲು ಹೆಚ್ಚು ಬೇಕು. ಅದಿಲ್ಲದಿದ್ದರೆ ಅವರಿಗೆ ತಮ್ಮ ಜೀವನ ಯಾವುದು ಅಂತಲೇ ತಿಳಿಯುವುದಿಲ್ಲ. ನನ್ನನ್ನು ಕೇಳಿದರೆ ಇವರ ಭಾಷೆಯಲ್ಲಿ ಮೊದಲು ಹುಟ್ಟುವ ಪದ ಅಮ್ಮ ಅಲ್ಲ, ನೀರು ಅಲ್ಲ. 'ಅಂತೆ'.

ಇನ್ನೆರಡು ಸಣ್ಣ ವಿಷಯ. ಎಲ್ಲರ ಮನಸ್ಸಿನಲ್ಲೂ ಚಿತ್ರ ಮೂಡುವುದಿಲ್ಲ. ಮನಸ್ಸಿನ ಕಣ್ಣಿಗೆ ಏನೂ ಕಾಣದ ಜನ ನಮ್ಮ ನಡುವೆಯೇ ಇದ್ದಾರೆ. 2015ರಲ್ಲಿ ಆಡಂ ಜೆಮನ್ ಇದಕ್ಕೆ ಅಫಾಂಟೇಸಿಯಾ ಎಂದು ಹೆಸರಿಟ್ಟರು. ಚಿತ್ರ ಕಳಿಸುವವರ ಊರಿನಲ್ಲಿ ಅಂಥ ಒಂದು ಮಗು ಹುಟ್ಟಿದರೆ? ನಮ್ಮಲ್ಲಿ ಕಿವುಡ ಮಗುವಿನ ಹಾಗೆ ಅದು ಬೆಳೆಯಬೇಕು. ಬಹುಶಃ ಪದಗಳನ್ನು ಕಂಡುಹಿಡಿಯುವುದೂ ಅದೇ ಮಗು. ಒಳ್ಳೆಯ ಕಥೆ ಇದೆ ಇಲ್ಲಿ, ಯಾರಾದರೂ ಬರೆಯಿರಿ.

ಇನ್ನೊಂದು, ಹೆಸರಿನ ಲಾಭ. ಶಿವಮೊಗ್ಗದ ಅಡಿಕೆ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ಹೆಸರುಗಳಿವೆ. ಹೊರಗಿನವರಿಗೆ ಎಲ್ಲವೂ ಕೆಂಪು ಅಡಿಕೆಯೇ. ರಷ್ಯನ್ ಭಾಷೆಯಲ್ಲಿ ತಿಳಿನೀಲಿಗೂ ಕಡುನೀಲಿಗೂ ಬೇರೆ ಬೇರೆ ಹೆಸರು, ಗೊಲುಬೊಯ್ ಮತ್ತು ಸಿನಿ. ಆ ಎರಡು ಹೆಸರಿನ ಗಡಿ ದಾಟುವ ನೀಲಿಗಳನ್ನು ರಷ್ಯನ್ನರು ಬೇಗ ಬೇರ್ಪಡಿಸುತ್ತಾರೆ, ಇಂಗ್ಲಿಷ್‌ನವರಿಗೆ ಆ ಲಾಭ ಕಾಣಲಿಲ್ಲ ಎಂದು 2007ರ ಒಂದು ಪ್ರಯೋಗ ತೋರಿಸಿತು. ಹೆಸರು ಕಣ್ಣನ್ನು ಚುರುಕು ಮಾಡುತ್ತದೆ. ಚಿತ್ರ ಎಷ್ಟೇ ಸ್ಪಷ್ಟವಾಗಿ ಬಂದರೂ ಆ ಚುರುಕು ತಾನಾಗಿ ಬರಲಾರದು.

ಭಾವ ಕಳಿಸುವವರು

ಇವರು ಭಯ, ಸಂತೋಷ, ಕೋಪ, ಅಕ್ಕರೆ ಮಾತ್ರ ಕಳಿಸುತ್ತಾರೆ. ಪರೀಕ್ಷೆಯಲ್ಲಿ ಹತ್ತಿರ ಹತ್ತಿರ ಎಲ್ಲದರಲ್ಲೂ ಫೇಲ್. ಭಯ ಬಂತು, ಆದರೆ ಯಾವುದರ ಭಯ? ಹಾವಿನದಾ, ಸಾಲದ್ದಾ?

ಆದರೂ ಈ ಬಗೆಯನ್ನು ನಾನು ಕೀಳಾಗಿ ನೋಡುವುದಿಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ ತುಂಗೆಯ ದಡದ ಸಕ್ರೆಬೈಲು ಆನೆ ಬಿಡಾರಕ್ಕೆ ಬೆಳಿಗ್ಗೆ ಹೋಗಿ ನೋಡಿ. ಸದ್ದೇ ಇಲ್ಲದೆ ಒಂದು ಆನೆ ತಿರುಗಿದರೆ ದೂರದ ಇನ್ನೊಂದು ತಿರುಗುತ್ತದೆ. ಮನಸ್ಸು ಓದುತ್ತವೆ ಅನ್ನಿಸುತ್ತದೆ. ನಿಜ ಏನೆಂದರೆ ಅವು ನಮ್ಮ ಕಿವಿಗೆ ನಿಲುಕದಷ್ಟು ತಗ್ಗಿನ ದನಿಯಲ್ಲಿ ಗುಡುಗುತ್ತವೆ. 1984ರಲ್ಲಿ ಪ್ರಾಣಿಗಳ ದನಿ ಅಧ್ಯಯನ ಮಾಡುವ ಕೇಟಿ ಪೇನ್ ಮೃಗಾಲಯದ ಏಷ್ಯಾ ಆನೆಗಳ ಹತ್ತಿರ ನಿಂತಾಗ ಗಾಳಿಯಲ್ಲಿ ಒಂಥರಾ ನಡುಕ ಅನುಭವಿಸಿದರು. ಅಲ್ಲಿಂದ ಈ ದನಿ ಪತ್ತೆಯಾಯಿತು. 20 ಹರ್ಟ್ಸ್‌ಗಿಂತ ಕೆಳಗಿನ ಇಂಥ ದನಿ ಕೆಲವು ಕಿಲೋಮೀಟರ್ ದೂರ ಹೋಗಬಲ್ಲದು. ಹೊರಗಿನವರಿಗೆ ಟೆಲಿಪತಿಯ ಹಾಗೆ ಕಾಣುವುದು ಒಳಗಿನವರಿಗೆ ಬರೀ ದನಿ ಆಗಿರಬಹುದು. ಈ ಸಾಧ್ಯತೆಯನ್ನು ಕಥೆಯಲ್ಲಿ ಖಂಡಿತ ಬಳಸಿ. ಇಷ್ಟೆಲ್ಲ ಒಡನಾಟ ಇರುವ ಆನೆಗಳೂ ಒಂದನ್ನೊಂದು ಹೆಸರಿನಂಥ ದನಿಯಿಂದ ಕರೆಯುತ್ತವೆ ಎಂದು ಆಫ್ರಿಕಾದ ಆನೆಗಳ ಮೇಲೆ ನಡೆದ 2024ರ ಅಧ್ಯಯನ ಹೇಳಿತು.

ಭಾವ ಹರಡುವುದರಲ್ಲಿ ಒಂದು ಅಪಾಯವೂ ಇದೆ. ಜೇನುಹುಳ ಚುಚ್ಚಿದಾಗ ಒಂದು ವಾಸನೆ ಹೊರಬೀಳುತ್ತದೆ. ಅದರ ಮುಖ್ಯ ರಾಸಾಯನಿಕಕ್ಕೆ ಮಾಗಿದ ಬಾಳೆಹಣ್ಣಿನ ಘಮ. ಆ ಘಮ ಸಿಕ್ಕಿದ ಉಳಿದ ಹುಳಗಳು ಅಲ್ಲಿಗೇ ಮುತ್ತುತ್ತವೆ. ಹೆಜ್ಜೇನು ಎದ್ದದ್ದನ್ನು ಕಂಡವರಿಗೆ ಗೊತ್ತು, ಒಂದರ ಸಿಟ್ಟು ಕ್ಷಣದಲ್ಲಿ ಸಾವಿರದ ಸಿಟ್ಟಾಗುತ್ತದೆ. ಭಾವ ಕಳಿಸುವವರ ಜಾತ್ರೆ, ಸಂತೆ, ಸಾವಿನ ಮನೆ ಹೇಗಿರಬಹುದು ಯೋಚಿಸಿ. ಒಬ್ಬ ತಾಯಿಯ ದುಃಖ ಊರನ್ನೇ ಹಾಸಿಗೆ ಹಿಡಿಸೀತು. ಸಣ್ಣ ಕಥೆಗೆ, ಒಬ್ಬರ ಮೇಲೇ ನಿಲ್ಲುವ ಕಥೆಗೆ, ಈ ಬಗೆಯಷ್ಟು ಚೆಂದದ್ದು ಇನ್ನೊಂದಿಲ್ಲ.

ಎಲ್ಲರದೂ ಒಂದೇ ಮನಸ್ಸು

ಇವರಲ್ಲಿ ಕಳಿಸುವುದೂ ಇಲ್ಲ, ಪಡೆಯುವುದೂ ಇಲ್ಲ. ಮೈ ನೂರು, ಮನಸ್ಸು ಒಂದು. ಇದು ಹೊಸ ಬರಹಗಾರರನ್ನು ಜಾಸ್ತಿ ಸೆಳೆಯುತ್ತದೆ. ಅಕ್ಕನ ಮಗಳಿಗೂ ಮೊದಲು ಇದೇ ಇಷ್ಟವಾಗಿತ್ತು.

ಅಸಾಧ್ಯ ಏನಲ್ಲ. ನಮ್ಮ ತಲೆಯೊಳಗೇ ಎರಡು ಅರ್ಧ ಮಿದುಳು ಇವೆ. ಸುಮಾರು 20 ಕೋಟಿ ನರತಂತುಗಳ ಕಟ್ಟು ಅವನ್ನು ಬೆಸೆಯುತ್ತದೆ. ಮೂರ್ಛೆರೋಗದ ಚಿಕಿತ್ಸೆಗಾಗಿ ಆ ಕಟ್ಟನ್ನು ಕತ್ತರಿಸಿದವರಲ್ಲಿ ಎಡಗೈಗೆ ಗೊತ್ತಿದ್ದದ್ದನ್ನು ಬಾಯಿ ಹೇಳಲಾರದೆ ಹೋಯಿತು. ಇದನ್ನು ತೋರಿಸಿದ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಅಂದರೆ ಸಾಕಷ್ಟು ದಪ್ಪದ ಸೇತುವೆ ಇದ್ದರೆ ಎರಡು ಒಂದಾಗುತ್ತವೆ. ಆಕ್ಟೋಪಸ್‌ಗೆ ಸುಮಾರು 50 ಕೋಟಿ ನರಕೋಶ. ಅದರಲ್ಲಿ ಮೂರನೇ ಎರಡು ಪಾಲು ತೋಳುಗಳಲ್ಲೇ ಇದೆ. ಆದರೂ ಒಂದು ಜೀವವಾಗಿ ಬೇಟೆಯಾಡುತ್ತದೆ.

ಇವರಿಗೆ ಒಳಗೆ ಭಾಷೆ ಬೇಡ. ನನ್ನ ಬಲಗೈ ಎಡಗೈಗೆ ಪತ್ರ ಬರೆಯುವುದಿಲ್ಲ. ನಾಲ್ಕನೇ ವಾಕ್ಯಕ್ಕಂತೂ ಅರ್ಥವೇ ಇಲ್ಲ, 'ಅವನು' ಎಂಬುವನೇ ಇಲ್ಲವಲ್ಲ.

ಹೀಗೆ ಬರೆಯುವವರು ಕೂಡಲೇ ಜೇನುಗೂಡಿನ ಉದಾಹರಣೆ ಕೊಡುತ್ತಾರೆ. ಅಲ್ಲೇ ಎಡವುವುದು. ನಮ್ಮ ತುಡುವೆ ಜೇನನ್ನು ನೋಡಿ. ಒಂದೇ ತಾಯಿ, ಒಂದೇ ವಾಸನೆ, ಒಂದೇ ಗೂಡು. ಆದರೂ ಮರದ ಪೊಟರೆಯ ಕತ್ತಲಲ್ಲಿ ಅವು ಕುಣಿಯುತ್ತವೆ. ಗೂಡಿನಲ್ಲಿ ನೆಟ್ಟಗೆ ತೂಗುವ ಎರಿಯ ಮೇಲೆ ನೇರ ಮೇಲಕ್ಕೆ ಕುಣಿದರೆ ಸೂರ್ಯನ ಕಡೆ ಹೋಗು ಅಂತ. ಎಷ್ಟು ಓರೆಗೆ ಕುಣಿದರೆ ಸೂರ್ಯನಿಂದ ಅಷ್ಟು ಓರೆಗೆ. ಜಾಸ್ತಿ ಹೊತ್ತು ಕುಣಿದರೆ ಜಾಸ್ತಿ ದೂರ. ಜೇನಿನ ಈ ನೃತ್ಯವನ್ನು ಬಿಡಿಸಿ ಓದಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಸಿಕ್ಕಿತು. ಜೇನುಹುಳದ ತಲೆಯಲ್ಲಿ ಸುಮಾರು 10 ಲಕ್ಷ ನರಕೋಶ, ನಮ್ಮದರಲ್ಲಿ ಸುಮಾರು 8,600 ಕೋಟಿ. ಅಷ್ಟು ಪುಟ್ಟ ತಲೆಗೂ ಸಂಕೇತ ಬೇಕಾಯಿತು. ಯಾಕೆ? ಒಂದು ಹುಳ ಹಾರಿಹೋದ ಕಡೆ ಇನ್ನೊಂದು ಹೋಗಿರಲಿಲ್ಲ. ಅಷ್ಟೇ ಕಾರಣ. ಇವಳು ಕಂಡ ಹೂವು ಅವಳಿಗೆ ಕಂಡಿಲ್ಲ. ಆ ಅಂತರದಿಂದ ನೃತ್ಯ ಹುಟ್ಟಿತು.

ಒಂದೇ ಮನಸ್ಸಿನವರಿಗೆ ಇನ್ನೊಂದು ಕೊರತೆ ಇದೆ, ನನಗೆ ದೊಡ್ಡದು ಅನ್ನಿಸಿದ್ದು. ನಮ್ಮ ಮಕ್ಕಳು ಸುಮಾರು ನಾಲ್ಕು ವರ್ಷಕ್ಕೆ ಒಂದು ವಿಷಯ ಕಂಡುಕೊಳ್ಳುತ್ತಾರೆ: ನನಗೆ ಗೊತ್ತಿರುವುದು ಅಮ್ಮನಿಗೆ ಗೊತ್ತಿಲ್ಲದೆ ಇರಬಹುದು, ಅಮ್ಮ ತಪ್ಪು ತಿಳಿದುಕೊಂಡಿರಬಹುದು. ನಿಕರಾಗುವಾ ದೇಶದಲ್ಲಿ 1970ರ ದಶಕದ ಕೊನೆಗೆ ಕಿವುಡ ಮಕ್ಕಳು ಶಾಲೆಯಲ್ಲಿ ಒಟ್ಟು ಸೇರಿದಾಗ ತಾವೇ ಒಂದು ಸನ್ನೆ ಭಾಷೆ ಕಟ್ಟಿದರು. ಅದರ ಮೊದಲ ತಲೆಮಾರಿನವರ ಭಾಷೆಯಲ್ಲಿ 'ಅಂದುಕೊಂಡ', 'ಗೊತ್ತಿದೆ' ಎಂಬಂಥ ಸನ್ನೆಗಳು ಕಮ್ಮಿ. ದೊಡ್ಡವರಾದ ಮೇಲೂ ಅವರಿಗೆ ಇನ್ನೊಬ್ಬರ ತಪ್ಪು ತಿಳಿವಳಿಕೆಯನ್ನು ಊಹಿಸುವುದು ಕಷ್ಟವಾಗುತ್ತಿತ್ತು. ಅಂಥ ಸನ್ನೆಗಳು ಬಂದ ಮೇಲೆ ಆ ಊಹೆಯೂ ಸುಧಾರಿಸಿತು ಎಂದು 2009ರ ಅಧ್ಯಯನ ಹೇಳುತ್ತದೆ. ಇನ್ನೊಬ್ಬರ ಮನಸ್ಸು ಬೇರೆ ಎಂಬ ಅರಿವಿಗೂ ಭಾಷೆಗೂ ಅಷ್ಟು ಗಾಢ ನಂಟು. ಒಂದೇ ಮನಸ್ಸಿನ ಜೀವಿ ಎಷ್ಟು ಬುದ್ಧಿವಂತ ಆದರೂ ಈ ಒಂದು ವಿಷಯ ಅದಕ್ಕೆ ಹೊಳೆಯುವುದೇ ಇಲ್ಲ. ತಪ್ಪಿದರೆ ತಿದ್ದಲು ಇನ್ನೊಬ್ಬರಿಲ್ಲ. ಮನುಷ್ಯ ಎದುರಿಗೆ ಬಂದಾಗ ಅವನು ಸುಳ್ಳು ಹೇಳಬಹುದು ಅಂತಲೂ ಗೊತ್ತಾಗುವುದಿಲ್ಲ.

ಈ ಬಗೆಯನ್ನೇ ಆರಿಸುವವರಿಗೆ ಒಂದು ಉಪಾಯ ಹೇಳುತ್ತೇನೆ. ಅವರನ್ನು ದೂರ ಕಳಿಸಿ. ರೇಡಿಯೋ ಅಲೆಯ ವೇಗದಲ್ಲಿ ಅವರ ಮನಸ್ಸು ಓಡುತ್ತದೆ ಅಂದುಕೊಳ್ಳಿ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಭೂಮಿಯಷ್ಟು ದೊಡ್ಡ ಗ್ರಹವನ್ನು ಸುತ್ತಿ ಬರಲು 0.13 ಸೆಕೆಂಡ್. ಅಷ್ಟೇ ತಡವಾದರೆ ಮನಸ್ಸು ಒಂದಾಗಿಯೇ ಉಳಿದೀತು. ಆದರೆ ಭೂಮಿಯಿಂದ ಮಂಗಳಕ್ಕೆ 3ರಿಂದ 22 ನಿಮಿಷ ಬೇಕು. ಅರ್ಧ ಜನ ಅಲ್ಲಿಗೆ ಹೋಗಿ ನೆಲೆಸಿದರೆ ಅಲ್ಲಿ ಬೇರೆ ಬೆಳಗು, ಬೇರೆ ನೆನಪು. ಮನಸ್ಸು ಎರಡಾಗುತ್ತದೆ. ಜೀವನದಲ್ಲಿ ಮೊದಲ ಸಲ ಅದು ಇನ್ನೊಬ್ಬರಿಗೆ ಏನೋ ಹೇಳಬೇಕಾಗಿ ಬರುತ್ತದೆ, ಪದ ಇಲ್ಲ. ಆ ಮೊದಲ ಪತ್ರ ಹೇಗಿರಬಹುದು? ಅಲ್ಲಿಂದ ಕಥೆ ಶುರು ಮಾಡಿ.

ನಾನು ಆರಿಸುವುದು

ಚಿತ್ರ ಕಳಿಸುವವರನ್ನು. ಜೊತೆಗೆ ಒಂದು ಮಿತಿ ಇಡುತ್ತೇನೆ: ಅವರ ಟೆಲಿಪತಿ ಕೂಗಳತೆಯಷ್ಟು ಮಾತ್ರ ಮುಟ್ಟಬೇಕು.

ಕೂಗಳತೆ ಅಂದರೆ ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಮನೆಗಳು ಒಂದರ ಪಕ್ಕ ಒಂದು ಇಲ್ಲ. ಒಂದು ಗುಡ್ಡದ ಈಚೆ ನಾವು, ತೋಟ ದಾಟಿ ಆಚೆ ಅವರು. ಕೂಗಿದರೆ ಕೇಳುವಷ್ಟು ದೂರದವರು ನೆರೆಯವರು. ಅದರಾಚೆ ಇರುವವರಿಗೆ ಆಳು ಕಳಿಸಬೇಕಿತ್ತು, ಚೀಟಿ ಬರೆಯಬೇಕಿತ್ತು. ಕೂಗಳತೆಯ ಒಳಗಿನ ಅನ್ಯಗ್ರಹದವರಿಗೆ ಚಿತ್ರ ಸಾಕು. ಅದರಾಚೆಗೆ ಸುದ್ದಿ ಒಬ್ಬರಿಂದೊಬ್ಬರಿಗೆ ದಾಟಿ ಹೋಗಬೇಕು. ಹಾಗೆ ದಾಟುವಾಗ ಪ್ರತಿ ಮನಸ್ಸೂ ತನ್ನದೊಂದಿಷ್ಟು ಬಣ್ಣ ಹಚ್ಚುತ್ತದೆ. ಹತ್ತನೆಯವನಿಗೆ ತಲುಪುವಾಗ ನಮ್ಮ ಹಗ್ಗ ಮತ್ತೆ ಹಾವಾಗಿರುತ್ತದೆ. ಆಗ ಬಣ್ಣ ಹತ್ತದ, ಯಾರ ಕೈಯಲ್ಲೂ ಒಂದೇ ಆಗಿ ಉಳಿಯುವ ಗುರುತುಗಳು ಬೇಕಾಗುತ್ತವೆ. 'ಇಲ್ಲ', 'ಅಲ್ಲ', ಷರತ್ತಿನ 'ಆದರೆ', 'ಅಂತೆ'. ಅವರಿಗೆ ಹಲಸಿನ ಹಣ್ಣಿಗೆ ಹೆಸರು ಬೇಡದೆ ಇರಬಹುದು. ಈ ಸಣ್ಣ ಸಣ್ಣ ಪದಗಳು ಮಾತ್ರ ಬೇಕೇ ಬೇಕು. ನಾಮಪದ ಒಂದೂ ಇಲ್ಲದ, ಬರೀ ಇಂಥ ಪದಗಳಿರುವ ಭಾಷೆ! ನನಗೆ ಇದನ್ನು ಯೋಚಿಸಿದಾಗ ಮೈ ಜುಮ್ಮೆಂದಿತು.

ಬರೆಯಲು ಕೂರುವ ಮೊದಲು ಕೆಲವನ್ನು ಗಟ್ಟಿ ಮಾಡಿಕೊಳ್ಳಿ. ಮನಸ್ಸಿನ ಬಾಗಿಲು ಮುಚ್ಚಲು ಬರುತ್ತದಾ? ನಿದ್ದೆಯಲ್ಲಿ ಕನಸು ಹೊರಗೆ ಸೋರುತ್ತದಾ? ಹೊಟ್ಟೆಯೊಳಗಿನ ಮಗುವಿಗೆ ತಾಯಿಯ ಚಿತ್ರಗಳು ಕಾಣುತ್ತವಾ? ಬಾಗಿಲು ಮುಚ್ಚಲು ಬಾರದವರಲ್ಲಿ ಮರ್ಯಾದೆ ಎಂಬುದರ ಅರ್ಥವೇ ಬೇರೆ. ಅಲ್ಲಿ ಇನ್ನೊಬ್ಬರ ಮನಸ್ಸಿನಲ್ಲಿ ಕಂಡದ್ದನ್ನು ಕಾಣದ ಹಾಗೆ ಇರುವುದೇ ದೊಡ್ಡ ಗುಣ ಆಗಿರಬಹುದು.

ಅಕ್ಕನ ಮಗಳೂ ಕೊನೆಗೆ ಇದನ್ನೇ ಆರಿಸಿದಳು. ಹೊರಡುವ ದಿನ ಬಸ್ಸಿಗೆ ಕಾಯುವಾಗ ಇನ್ನೊಂದು ಪ್ರಶ್ನೆ ತೆಗೆದಳು. ಅವಳ ಗೆಳತಿ ಆಗುಂಬೆಯವಳು, ಮನೆಮಾತು ತುಳು. ತುಳುವಿನಲ್ಲಿ 'ನಾವು' ಎರಡಿವೆ. ಕೇಳುವವರನ್ನೂ ಸೇರಿಸಿ ಹೇಳಿದರೆ 'ನಮ', ಅವರನ್ನು ಬಿಟ್ಟು ಹೇಳಿದರೆ 'ಎಂಕುಲು'. "ನನ್ನ ಜನಕ್ಕೆ ಎಷ್ಟು 'ನಾವು' ಬೇಕು ಚಿಕ್ಕಮ್ಮ? ಕೂಗಳತೆ ಒಳಗಿನವರಿಗೆ ಒಂದು, ಹೊರಗಿನವರಿಗೆ ಒಂದು, ಸತ್ತವರ ನೆನಪು ತಲೇಲಿ ಇರೋದ್ರಿಂದ ಅವರನ್ನೂ ಸೇರಿಸಿ ಇನ್ನೊಂದು?"

ಬಸ್ಸು ಬಂತು. ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು ಹತ್ತಿದಳು. ಸದ್ಯಕ್ಕೆ ಮೂರು ಇಟ್ಟುಕೊಂಡಿದ್ದೇನೆ ಅಂತ ಮೊನ್ನೆ ಫೋನಿನಲ್ಲಿ ಹೇಳಿದಳು. ನಾಲ್ಕನೆಯದು ಬೇಕಾಗುತ್ತೋ ಏನೋ ಅಂತ ಇನ್ನೂ ನೋಡುತ್ತಿದ್ದಾಳೆ.